ಬದುವಿನ ಮುತ್ತಲ ಯಾರು ಬಿಟ್ಟದ್ದು?

ಬೀದರ್, ಭಾಲ್ಕಿ, ಔರಾದ್ ಸೀಮೆಯಲ್ಲಿ ಮೊಬೈಲ್ ಹಿಡಿದು, ಕ್ಯಾಮೆರಾ ಹೆಗಲಿಗೇರಿಸಿ ಹೂವಿನ ಬೆನ್ನು ಹತ್ತಿರುವ ತಮ್ಮ ತಂಗಿಯರಿಗೆ,



ಶಿವರಾತ್ರಿ ಕಳೆಯಿತು, ಹೋಳಿ ಹುಣ್ಣಿಮೆ ಹತ್ತಿರ ಬಂತು. ಈಗ ನಿಮ್ಮೆಲ್ಲರ ಮೊಬೈಲಿನಲ್ಲೂ ಒಂದೇ ಬಣ್ಣ. ಎಲೆ ಉದುರಿಸಿಕೊಂಡು ಬರೀ ಟೊಂಗೆಯಾಗಿ ನಿಂತ ಮುತ್ತಲ ಗಿಡ, ಟೊಂಗೆ ತುಂಬ ಕೆಂಡದ ಬಣ್ಣದ ಹೂವು, ಹಿಂದೆ ಮೋಡವಿಲ್ಲದ ಬಾನು. ಪುಸ್ತಕದಲ್ಲಿ ಇದಕ್ಕೆ ಮುತ್ತುಗ ಅಂತಾರೆ. ಔರಾದಿನ ಮರಾಠಿ ಮನೆಗಳಲ್ಲಿ ಪಳಸ, ತೆಲಂಗಾಣದ ಗಡಿ ಹತ್ತಿರವಾದಂತೆ ಮೋದುಗ. ಹೆಸರು ಏನೇ ಇರಲಿ, ಫೋಟೊದ ಕೆಳಗೆ ನೀವು ಬರೆಯುವ ಸಾಲು ಮಾತ್ರ ಎಲ್ಲ ಕಡೆ ಒಂದೇ: ಹೂವು ಕೊಡುವುದನ್ನು ಕಲಿಸುತ್ತದೆ, ಪ್ರಕೃತಿ ಎಷ್ಟು ದಯಾಮಯಿ.

ಫೋಟೊಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಕೆಲವು ನೋಡಿ ಹೊಟ್ಟೆಕಿಚ್ಚಾಗಿದ್ದೂ ಉಂಟು. ತಕರಾರು ಇರುವುದು ಆ ಸಾಲಿನ ಬಗ್ಗೆ. ಅದಕ್ಕೇ ಈ ಪತ್ರ.

ಬೆಳಗ್ಗೆ ಮುತ್ತಲ ಗಿಡದ ಬುಡಕ್ಕೆ ಹೋಗಿ, ನೆಲಕ್ಕೆ ಬಿದ್ದ ಒಂದು ಹೂವನ್ನು ಎತ್ತಿಕೊಳ್ಳಿ. ಕೀಳಬೇಕಾಗಿಲ್ಲ, ಬೇಕಾದಷ್ಟು ಬಿದ್ದಿರುತ್ತವೆ. ತೊಟ್ಟಿನ ಹತ್ತಿರ ಕಪ್ಪು ಛಾಯೆಯ ಪುಟ್ಟ ಬಟ್ಟಲು, ಬೆರಳಾಡಿಸಿದರೆ ನವಿರು ಕೂದಲು ತಿಳಿಯುತ್ತದೆ. ಅದರಿಂದ ಎಸಳುಗಳು ಹೊರಟಿವೆ, ಒಂದು ಮಾತ್ರ ಗಿಳಿಯ ಕೊಕ್ಕಿನ ಹಾಗೆ ಬಾಗಿ ಮುಚ್ಚಿಕೊಂಡಿದೆ. ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ. ಆ ಬಾಗಿದ ಎಸಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಬಿಡಿಸಿ, ಒಳಗೆ ಕೇಸರಗಳು ಅಡಗಿ ಕೂತಿರುತ್ತವೆ. ಮಕರಂದ ಇನ್ನೂ ಕೆಳಗೆ, ಬಟ್ಟಲಿನ ತಳದಲ್ಲಿ. ಅದು ಬೇಕೆಂದು ಸೂರಕ್ಕಿ ಕೊಕ್ಕು ತೂರಿಸಿದರೆ ಎಸಳು ತೆರೆದು ಕೇಸರ ಹೊರಬಂದು ಅದರ ಮೈಗೆ ಪರಾಗ ಬಳಿಯುತ್ತದೆ. ಅಳಿಲು ಬಂದರೆ ಅದರ ಮೂತಿಗೂ ಅಷ್ಟೇ. ಮಧ್ಯ ಏಷ್ಯಾದಿಂದ ಚಳಿಗಾಲ ಕಳೆಯಲು ನಮ್ಮ ಕಡೆ ಬರುವ ಗುಲಾಬಿ ಕಬ್ಬಕ್ಕಿಗಳ ಹಿಂಡು ಮರಳಿ ಹೊರಡುವ ಮುಂಚೆ ಇದೇ ಗಿಡಗಳ ಮೇಲೆ ಗದ್ದಲ ಹಾಕುತ್ತದೆ. ಇದು ವ್ಯವಹಾರ, ಚೊಕ್ಕ ವ್ಯವಹಾರ. ಹೂವು ತನ್ನ ಕೆಲಸ ಮಾಡಿಸಿಕೊಳ್ಳುತ್ತಿದೆ, ಹಕ್ಕಿ ಕೂಲಿ ತೆಗೆದುಕೊಳ್ಳುತ್ತಿದೆ. ದಯೆಯ ಮಾತು ಇಲ್ಲಿ ಎಲ್ಲಿಂದ ಬಂತು?

ಬಂತು, ಖಂಡಿತ ಬಂತು. ಆದರೆ ಹೂವಿನಿಂದ ಬರಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಸರಿದು ಗಿಡ ಎಲ್ಲಿ ನಿಂತಿದೆ ನೋಡಿ. ಹೊಲದ ಬದುವಿನ ಮೇಲೆ. ಬದುವಿನ ಗಿಡ ಎಂದರೆ ಒಕ್ಕಲಿಗನಿಗೆ ನಷ್ಟ. ಅದರ ನೆರಳು ಬಿದ್ದಷ್ಟು ಜಾಗದಲ್ಲಿ ಜೋಳ ಏಳುವುದಿಲ್ಲ, ಬೇರು ಹೊಲದೊಳಕ್ಕೆ ಹರಿದು ನೀರು ಎಳೆಯುತ್ತದೆ, ಟೊಂಗೆಯ ಮೇಲೆ ಕೂತ ಹಕ್ಕಿ ಹಾಲುದೆನೆಗೆ ಇಳಿಯುತ್ತದೆ. ಟ್ರ್ಯಾಕ್ಟರ್ ಬಂದ ಮೇಲಂತೂ ಪ್ರತಿ ಸಾರಿ ಬಳಸಿ ಹಾಯಿಸಬೇಕು. ಒಂದು ಕೊಡಲಿ, ಅರ್ಧ ದಿನದ ಕೆಲಸ, ಗಿಡ ಮುಗಿಯಿತು. ಹಾಗಿದ್ದೂ ಅದು ನಿಂತಿದೆ. ಯಾಕೆ ಅಂತ ಕೇಳಿ ನೋಡಿ. "ಇರ್ಲಿ ಬಿಡ್ರಿ, ಅಪ್ಪನ ಕಾಲದಿಂದ ಅದ" ಅಂತಾರೆ. ಇನ್ನೂ ಸ್ವಲ್ಪ ಕೂತರೆ ಉಳಿದದ್ದು ಬರುತ್ತದೆ: ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು ಮಧ್ಯಾಹ್ನ ಬುತ್ತಿ ಬಿಚ್ಚಲು ನೆರಳು ಬೇಕು, ಎಲೆಯಿಂದ ಪತ್ರವಳಿ ಹಚ್ಚುತ್ತಿದ್ದರು, ಹೂವು ಕುದಿಸಿ ಓಕುಳಿಯ ಬಣ್ಣ ಮಾಡುತ್ತಿದ್ದರು, ಬೇರಿನ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಪತ್ರವಳಿ ಈಗ ಥರ್ಮಾಕೋಲ್ ಆಗಿದೆ, ಬಣ್ಣ ಪೊಟ್ಟಣದಲ್ಲಿ ಬರುತ್ತದೆ, ಹಗ್ಗ ನೈಲಾನಿನದು. ಉಪಯೋಗಗಳೆಲ್ಲ ಹೋದ ಮೇಲೂ ಗಿಡ ಕಡಿಯದೆ ಬಿಟ್ಟಿದ್ದಾರಲ್ಲ, ನೀವು ಕ್ಯಾಪ್ಷನ್ನಿನಲ್ಲಿ ಹುಡುಕುವ ದಯೆ ಅದು. ಅದಕ್ಕೆ ಒಬ್ಬ ವಾರಸುದಾರ ಇದ್ದಾನೆ. ಅವನು ಫೋಟೊದಲ್ಲಿ ಇಲ್ಲ, ಸಾಲಿನಲ್ಲೂ ಇಲ್ಲ. ಹೊಗಳಿಕೆಯೆಲ್ಲ ಪ್ರಕೃತಿಯ ಖಾತೆಗೆ ಜಮಾ ಆಗುತ್ತಿದೆ.

ಫೋಟೊದ ಮಾತು ಬಂದಿತಲ್ಲ, ಒಂದು ಸಣ್ಣ ಸೂಚನೆ. ಹತ್ತು ಗಂಟೆಯ ಮೇಲಿನ ಬಿಸಿಲಿಗೆ ಮುತ್ತಲ ತೆಗೆದರೆ ಎಸಳಿನ ಕೂದಲು, ಗೆರೆ, ಮಡಿಕೆ ಎಲ್ಲ ಹೋಗಿ ಒಂದು ಕೇಸರಿ ಕಲೆ ಉಳಿಯುತ್ತದೆ. ಇಂಥ ಹೂವಿನಲ್ಲಿ ಕ್ಯಾಮೆರಾದ ಸೆನ್ಸರ್‌ಗೆ ಕೆಂಪು ಉಳಿದ ಬಣ್ಣಗಳಿಗಿಂತ ಮೊದಲೇ ಮಿತಿ ಮೀರುತ್ತದೆ. ಪರದೆಯ ಮೇಲೆ ಹೂವನ್ನು ಒತ್ತಿ ಬೆಳಕು ತಗ್ಗಿಸಿ. ಬಾನು ಕಪ್ಪಾದರೆ ಆಗಲಿ. ಸೂರ್ಯ ಹುಟ್ಟಿದ ಮೊದಲ ತಾಸು ಒಳ್ಳೆಯದು, ಎರೆಹೊಲದ ಬಯಲಿನಲ್ಲಿ ಆಗ ಗಾಳಿಯೂ ಕಡಿಮೆ.

ಹಿಂಗಾರಿ ಹೊಲಕ್ಕೆ ಬರೋಣ. ಪುಷ್ಯ, ಮಾಘದಲ್ಲಿ ಭಾಲ್ಕಿ ಕಡೆ ಹೋದರೆ ಜೋಳದ ಸುತ್ತ, ಕಡಲೆಯ ಸುತ್ತ ಅಂಚಿಗೆ ಕುಸುಬಿ ಹಾಕಿದ ಹೊಲಗಳು ಈಗಲೂ ಸಿಗುತ್ತವೆ. ಮೊದಲಿನಷ್ಟಿಲ್ಲ, ಸೋಯಾ ಬಂದ ಮೇಲೆ ಲೆಕ್ಕಾಚಾರವೇ ಬದಲಾಯಿತು. ಕುಸುಬಿ ಹೂವು ನಿಮಗೆ ಬಹಳ ಪ್ರಿಯ, ನನಗೂ. ಅರಳಿದಾಗ ಹಳದಿ, ಬಾಡುತ್ತ ಹೋದಂತೆ ಕಿತ್ತಳೆ, ಕೊನೆಗೆ ಕೆಂಪು. ಒಂದೇ ಗಿಡದ ಮೇಲೆ ಮೂರೂ ವಯಸ್ಸು ಸಿಗುತ್ತದೆ. ಹೂವಿನ ಕೆಳಗಿನ ಎಲೆಗಳ ತುದಿಗೆ ಮುಳ್ಳು. ಆ ಮುಳ್ಳಿಗಾಗಿಯೇ ಅದನ್ನು ಅಂಚಿಗೆ ಬಿತ್ತುವುದು: ದನ ಒಳಗೆ ನುಗ್ಗುವುದಿಲ್ಲ. ತಂತಿ ಬೇಲಿಗೆ ಸಿಕ್ಕು ಮೈ ಹರಿದುಕೊಂಡ ದನ ನೋಡಿದವರಿಗೆ ಕುಸುಬಿಯ ಬೇಲಿ ಎಷ್ಟು ಸೌಮ್ಯ ಅಂತ ಗೊತ್ತಾಗುತ್ತದೆ. ಚುಚ್ಚುತ್ತದೆ, ಹಿಂದಕ್ಕೆ ಕಳಿಸುತ್ತದೆ, ಅಷ್ಟೇ. ಅದೇ ಮುಳ್ಳಿನ ನಡುವೆ ಕೈ ಹಾಕಿ ರಾಶಿ ಮಾಡುವವರಿಗೆ ಮಾತ್ರ ಸೌಮ್ಯ ಏನಲ್ಲ. ಇಬ್ಬನಿಗೆ ಮುಳ್ಳು ಸ್ವಲ್ಪ ಮೆತ್ತಗಿರುತ್ತದೆಂದು ನಸುಕಿನಲ್ಲೇ ಕೊಯ್ಲು ಶುರು ಮಾಡುತ್ತಾರೆ. ಕೈಗೆ ಬಟ್ಟೆ ಸುತ್ತಿಕೊಂಡ ಆ ಹೆಂಗಸರ ಬೆರಳುಗಳ ಫೋಟೊ ನಿಮ್ಮಲ್ಲಿ ಯಾರ ಹತ್ತಿರವೂ ನಾನು ನೋಡಿಲ್ಲ. ಹೂವಿನದು ನೂರಾರು.

ಕಡಲೆ ಹೊಲಕ್ಕೆ ಇಳಿಯುವ ಮುಂಚೆ ಕೇಳಿ ಇಳಿಯಿರಿ. ಗುಲಾಬಿ, ನೇರಳೆ ಬಣ್ಣದ ಪುಟ್ಟ ಹೂವು ನೆಲಕ್ಕೆ ಹತ್ತಿರ ಇರುತ್ತದೆ. ಅದನ್ನು ತೆಗೆಯಲು ನೀವು ಮಲಗಲೇಬೇಕು, ಮಲಗಿದರೆ ಮೈ ಕೆಳಗೆ ಎಷ್ಟು ಗಿಡ ಹೋದವೆಂದು ಹೊಲದವನಿಗೆ ಗೊತ್ತು, ನಿಮಗೆ ಗೊತ್ತಾಗುವುದಿಲ್ಲ. ಎಲೆಯ ಮೇಲಿನ ಹುಳಿ ಅಂಗಿಗೆ, ಲೆನ್ಸಿಗೆ ಹತ್ತುತ್ತದೆ, ಅದು ಬೇರೆ. ಹಿಂದೆ ರಾತ್ರಿ ಕಡಲೆ ಗಿಡದ ಮೇಲೆ ತೆಳುವಾದ ಬಟ್ಟೆ ಹಾಸಿ, ಬೆಳಗಿನ ಜಾವ ಹಿಂಡಿ ಆ ಹುಳಿಯನ್ನು ಬಾಟಲಿಗೆ ತುಂಬಿಡುತ್ತಿದ್ದರು, ಹೊಟ್ಟೆನೋವಿಗೆ ಮದ್ದು. ಓಣಿಯಲ್ಲಿ ಯಾರ ಮಗುವಿಗೆ ಹೊಟ್ಟೆ ಕಚ್ಚಿದರೂ ಆ ಬಾಟಲಿ ಇರುವ ಮನೆಯ ಬಾಗಿಲು ಬಡಿಯುವುದು. ದುಡ್ಡಿನ ಮಾತಿಲ್ಲ.

ಕೇಳಿದರೆ ಬೈತಾರೆ ಅಂತ ನಿಮಗೆ ಅಂಜಿಕೆ. ಬೀದರ್ ಜಿಲ್ಲೆಯಲ್ಲಿ ಹುಟ್ಟಿ ಹೀಗೆ ಅಂಜುವುದು ನನಗಂತೂ ಅರ್ಥವಾಗುವುದಿಲ್ಲ. ಎಳ್ಳ ಅಮಾಸಿ ದಿನ ಯಾವುದಾದರೂ ಊರ ರಸ್ತೆಯಲ್ಲಿ ಸುಮ್ಮನೆ ಬೈಕ್ ನಿಲ್ಲಿಸಿ. ಹೊಲದಿಂದ ಕೂಗು ಬರುತ್ತದೆ, "ಬರ್ರಿ, ಉಂಡು ಹೋಗ್ರಿ." ಗುರುತು ಬೇಕಿಲ್ಲ, ಜಾತಿ ಕೇಳುವುದಿಲ್ಲ. ಪಾಂಡವರೆಂದು ಕಲ್ಲಿಟ್ಟು ಪೂಜೆ ಮಾಡಿ, ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಗಡಿಗೆಯ ಅಂಬಲಿ ಮುಂದಿಡುತ್ತಾರೆ. ಭಜ್ಜಿ ಅಂದರೆ ಬೆಂಗಳೂರಿನವರು ಎಣ್ಣೆಯಲ್ಲಿ ಕರಿದದ್ದು ಅಂದುಕೊಳ್ಳುತ್ತಾರೆ. ಇದು ಹಸಿ ಕಾಳು, ಸೊಪ್ಪು, ತರಕಾರಿಯನ್ನು ಕಡಲೆ ಹಿಟ್ಟು ಹುಳಿಯೊಡನೆ ಕುದಿಸಿದ್ದು, ತಿಂದವರಿಗೇ ಗೊತ್ತು. ಹೊಲದಲ್ಲಿ ಆಗ ಕಡಲೆ, ಕುಸುಬಿ, ಜೋಳ ಎಲ್ಲ ಹೂವು ತೆನೆಯ ಹಂತದಲ್ಲಿರುತ್ತವೆ. ಉಂಡವರಿಗೆ ಫೋಟೊ ಬೇಡ ಅನ್ನುವ ಒಕ್ಕಲಿಗ ನನಗೆ ಸಿಕ್ಕಿಲ್ಲ.

ಔರಾದಿನ ತೊಗರಿಯ ವಿಷಯ ಸ್ವಲ್ಪ ಬೇರೆ. ದೀಪಾವಳಿಯ ಆಚೀಚೆ ತೊಗರಿ ಹೂವಾಗುತ್ತದೆ. ಹಳದಿ ಎಸಳು, ಹೊರಮೈಗೆ ಕೆಲವು ತಳಿಗಳಲ್ಲಿ ಕೆಂಪು ಗೀರು. ಮಂಜು ಕವಿದ ಬೆಳಗು ನಿಮಗೆ ಹಬ್ಬ, ಇಬ್ಬನಿ ಹನಿ ಹೂವಿನ ತುದಿಗೆ ತೂಗುತ್ತಿರುತ್ತದೆ. ಅದೇ ಮಂಜು ಎರಡು ಮೂರು ದಿನ ಬಿಡದೆ ಕೂತರೆ ಹೂವು ಉದುರುತ್ತದೆ, ಮೋಡ ಹಿಡಿದರೆ ಕಾಯಿಕೊರಕ ಏಳುತ್ತದೆ. ವರ್ಷದ ಗಳಿಕೆಯೇ ಆ ಹೂವಿನಲ್ಲಿರುವವರ ಮುಂದೆ ನಿಂತು "ಏನು ಚೆಂದ ಮಂಜು ಬಿದ್ದದಪಾ!" ಅನ್ನಬೇಡಿ. ಉದುರಿದ ಹೂವಿನ ಫೋಟೊವನ್ನೂ ತೆಗೆಯಿರಿ. ಬೇಕಾದರೆ ಅದನ್ನು ಕೃಷಿ ಇಲಾಖೆಯವರಿಗೆ ತೋರಿಸಲು ಅವರಿಗೇ ಕಳಿಸಿಕೊಡಿ, ತಾರೀಖು ಸಮೇತ. ಹೂವಿನ ಫೋಟೊದಿಂದ ಆಗುವ ಉಪಕಾರಗಳಲ್ಲಿ ಇದೂ ಒಂದು.

ಗಾಯರಾಣದ ತಂಗಡಿ ಹೂವಿನ ಬಗ್ಗೆ ನಿಮ್ಮಲ್ಲೊಬ್ಬರು ನನ್ನ ಜೊತೆ ವಾದ ಮಾಡಿದ್ದರು. ಅದನ್ನು ಯಾರೂ ಬಿತ್ತಿಲ್ಲ, ಯಾರೂ ಬಿಟ್ಟಿಲ್ಲ, ತಾನೇ ಬೆಳೆದದ್ದು, ಅಲ್ಲಿ ಯಾರಿಗೆ ಋಣ ಅಂತ. ಒಳ್ಳೆಯ ಪ್ರಶ್ನೆ. ಮಹಾನವಮಿ ಹೊತ್ತಿಗೆ ಗಡಿ ಊರಿನ ತೆಲುಗು ಮನೆಗಳ ಹೆಣ್ಣುಮಕ್ಕಳು ಬತುಕಮ್ಮ ಕಟ್ಟಲು ಬುಟ್ಟಿ ಹಿಡಿದು ಹೋಗುವುದು ಇಂಥ ಬೀಳು ಜಾಗಕ್ಕೇ. ತಂಗಡಿ, ಗುನುಗು ಅಲ್ಲೇ ಸಿಗುವುದು, ಪೇಟೆಯಲ್ಲಲ್ಲ. ತೆಲಂಗಾಣ ರಾಜ್ಯ ಆದ ಮೇಲೆ ಇದೇ ತಂಗಡಿಯನ್ನು, ತೆಲುಗಿನ ತಂಗೇಡನ್ನು, ರಾಜ್ಯದ ಹೂವು ಮಾಡಿಕೊಂಡಿತು. ಆದರೆ ಆ ಜಾಗ ಬೀಳಾಗಿ ಉಳಿದದ್ದು ಹೇಗೆ? ಊರ ದನ ಮೇಯಲೆಂದು ಹಿಂದಿನವರು ನೇಗಿಲು ಹೂಡದೆ ಬಿಟ್ಟರು. ದನ ಮೇಯುತ್ತವೆ, ಚಿಗರಿ ಓಡಾಡುತ್ತವೆ, ತಂಗಡಿ ಹೂವಾಗುತ್ತದೆ. ಇಂದು ಗಾಯರಾಣಕ್ಕೆ ಕಣ್ಣು ಹಾಕುವವರು ಎಷ್ಟು ಜನ ಅಂತ ನೀವು ಪತ್ರಿಕೆ ಓದುತ್ತೀರಿ. ಉಳಿದಿರುವ ತುಂಡು ಯಾರೋ ಊರಿನವರು ಜಗಳ ಮಾಡಿ ಉಳಿಸಿಕೊಂಡದ್ದೇ ಇರುತ್ತದೆ. ಬತುಕಮ್ಮದ ದಿನಗಳಲ್ಲಿ ನಿಮಗಿಂತ ಮೊದಲು ಆ ಹುಡುಗಿಯರು ಬುಟ್ಟಿ ತುಂಬಿಕೊಳ್ಳಲಿ. ಅವರಿಗೆ ಸಂಜೆಯೊಳಗೆ ಕಟ್ಟಬೇಕು, ನಿಮಗೆ ನಾಳೆಯೂ ಇದೆ.

ಬೀದರ್ ಊರಿನಲ್ಲಿರುವವರಿಗೆ ಹಂಗಾಮು ಮುಗಿದರೂ ಬಾಡದ ಹೂವುಗಳಿವೆ. ಅಷ್ಟೂರಿಗೆ ಎಲ್ಲರೂ ಹೋಗುತ್ತೀರಿ, ಗುಮ್ಮಟಗಳ ಸಾಲು, ಆಚೆ ಸೂರ್ಯಾಸ್ತ, ಅದೇ ಫೋಟೊ. ಅಹ್ಮದ್ ಶಾಹ ವಲಿಯ ಗೋರಿಯ ಒಳಕ್ಕೆ ಹೋಗಿದ್ದೀರಾ? 1436ರಲ್ಲಿ ತೀರಿಕೊಂಡ ಈ ಬಹಮನಿ ಸುಲ್ತಾನ ಬರಗಾಲದಲ್ಲಿ ಪ್ರಾರ್ಥನೆ ಮಾಡಿದ ಮೇಲೆ ಮಳೆ ಬಂತು, ಅದಕ್ಕೇ ಜನ ವಲಿ ಅಂದರು ಎಂಬುದು ಪ್ರತೀತಿ. ನಮ್ಮ ಕಡೆಯ ಹಿಂದೂಗಳಿಗೆ ಆತ ಅಲ್ಲಮಪ್ರಭು. ಹೋಳಿ ಮುಗಿದ ಮೇಲೆ ನಡೆಯುವ ಜಾತ್ರೆಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ನಡೆದು ಬರುತ್ತಾರೆ, ಗೋರಿಯ ಮುಂದೆ ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ. ಗುಲಾಂ ಯಜ್ದಾನಿಯವರು ಬೀದರಿನ ಸ್ಮಾರಕಗಳ ಬಗ್ಗೆ 1947ರಲ್ಲಿ ತಂದ ಪುಸ್ತಕದಲ್ಲೂ ಈ ಜಂಗಮರ ವಿಷಯ ಬರುತ್ತದೆ.

ಒಳಗೆ ಕತ್ತಲು. ಗೋಡೆ, ಗುಮ್ಮಟದ ಒಳಮೈ ತುಂಬ ಬಣ್ಣದ ಚಿತ್ತಾರ: ಕುಂಕುಮ ಕೆಂಪಿನ ಮೇಲೆ ಚಿನ್ನದ ಬಣ್ಣದ ಬಳ್ಳಿ, ಹೂವು, ನಡುನಡುವೆ ಬರಹ. ಹೊರಗಿನ ಬಿಸಿಲಿನಿಂದ ಒಳಗೆ ಹೋದವರಿಗೆ ಮೊದಲು ಏನೂ ಕಾಣುವುದಿಲ್ಲ. ಆಗ ಗೋರಿ ನೋಡಿಕೊಳ್ಳುವವರು ಕನ್ನಡಿ ತಂದು ಬಾಗಿಲ ಬಳಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸುವುದುಂಟು. ಬೆಳಕಿನ ಒಂದು ತುಂಡು ಗೋಡೆ ಹತ್ತಿ ಗುಮ್ಮಟಕ್ಕೆ ಹೋಗುತ್ತದೆ, ಹೋದಲ್ಲೆಲ್ಲ ಹೂವು ಹೊಮ್ಮುತ್ತದೆ, ಬೆಳಕು ಸರಿದರೆ ಮತ್ತೆ ಕತ್ತಲು. ಆ ಹೊತ್ತಿನಲ್ಲಿ ನೀವು ಫ್ಲ್ಯಾಶ್ ಹಾಕುತ್ತೀರಿ ನೋಡಿ, ಅದನ್ನು ನನಗೆ ಸಹಿಸಲಾಗುವುದಿಲ್ಲ. ಒಂದು ಕಾರಣ, ಹಳೆಯ ಬಣ್ಣಕ್ಕೆ ಪ್ರಖರ ಬೆಳಕು ಒಳ್ಳೆಯದಲ್ಲ. ಇನ್ನೊಂದು, ಎದುರಿನಿಂದ ಹೊಡೆದ ಫ್ಲ್ಯಾಶಿನಲ್ಲಿ ಆ ಕೆಂಪು ಸಪ್ಪೆಯಾಗುತ್ತದೆ. ಮೂರನೆಯದು, ಒಬ್ಬ ಮನುಷ್ಯ ಕೈ ನೋವಾಗುವವರೆಗೆ ನಿಮಗಾಗಿ ಬಿಸಿಲು ಹಿಡಿದು ನಿಂತಿದ್ದಾನೆ. ಮೊಬೈಲನ್ನು ಗೋಡೆಗೆ ಒರಗಿಸಿ ಅಲುಗದಂತೆ ಹಿಡಿಯಿರಿ, ಕನ್ನಡಿಯ ಬೆಳಕೇ ಸಾಕು. ಆಮೇಲೆ ತಿರುಗಿ ಬಾಗಿಲಿನ ಕಡೆ ನೋಡಿ. ಕನ್ನಡಿ ಹಿಡಿದ ಆ ಕೈಯೂ ಫೋಟೊಗೆ ಸಲ್ಲುವಂಥದ್ದೇ. ಕಾಕಾ, ತೆಗೀಲಾ ಅಂತ ಕೇಳಿ ತೆಗೆಯಿರಿ.

ಭಾಲ್ಕಿಯವರಿಗೆ ದಯೆಯ ನೆನಪಿಗೆ ಹೂವಿನ ಹಂಗಿಲ್ಲ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಕತೆ ಕೇಳದೆ ಬೆಳೆದವರು ಅಲ್ಲಿಲ್ಲ. ಕಮಲನಗರದಲ್ಲಿ ಹುಟ್ಟಿ, ನೂರು ದಾಟಿ ಬಾಳಿ, 1999ರಲ್ಲಿ ಲಿಂಗೈಕ್ಯರಾದರು. ಊರೂರಿಗೆ ಜೋಳಿಗೆ ಹಿಡಿದು ತಂದದ್ದರಲ್ಲಿ ಬಡ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. ಅವರ ಹಿರೇಮಠ ಇಂದಿಗೂ ತಂದೆ ತಾಯಿ ಇಲ್ಲದ ಮಕ್ಕಳನ್ನು ಸಾಕುತ್ತಿದೆ. ಇಲ್ಲಿ ನಿಮಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹುಟ್ಟುಹಬ್ಬದ ದಿನ ಯಾವುದಾದರೂ ಅನಾಥಾಶ್ರಮಕ್ಕೆ ಹೋಗಿ, ಮಕ್ಕಳ ಕೈಗೆ ಒಂದೊಂದು ಗುಲಾಬಿ ಕೊಟ್ಟು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ಹಂಚುವ ರೂಢಿ ಈಗ ಎಲ್ಲ ಊರಲ್ಲೂ ಬಂದಿದೆ. ನಿಲ್ಲಿಸಿ ಅದನ್ನು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಆರೈಕೆ, ರಕ್ಷಣೆ ಬೇಕಾದ ಮಕ್ಕಳ ಚಿತ್ರವನ್ನು, ಗುರುತು ಹತ್ತುವಂಥ ಯಾವುದೇ ವಿವರವನ್ನು ಪ್ರಕಟಿಸುವುದನ್ನು ತಡೆಯುತ್ತದೆ. ಕಾನೂನು ಇಲ್ಲದಿದ್ದರೂ ಇದು ತಿಳಿಯಬೇಕಾದದ್ದು. ದೊಡ್ಡವನಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಆ ಗುಲಾಬಿಯ ಫೋಟೊ ಯಾರದೋ ಮೊಬೈಲಿನಲ್ಲಿ ಎದುರಾದರೆ ಏನನಿಸೀತು? ಕ್ಯಾಮೆರಾ ಒಯ್ಯಬೇಕೆಂದಿದ್ದರೆ ಅದನ್ನು ಆ ಮಕ್ಕಳ ಕೈಗೇ ಕೊಡಿ, ಸಂಜೆವರೆಗೆ. ಅವರು ಹೂವು ತೆಗೆಯುತ್ತಾರೋ, ನಿಮ್ಮ ಮೂಗನ್ನೇ ತೆಗೆಯುತ್ತಾರೋ, ಅವರಿಷ್ಟ.

ಚೆಂಡು ಹೂವಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೈದರಾಬಾದಿನ ಗುಡಿಮಲ್ಕಾಪುರ ಮಾರುಕಟ್ಟೆಗೆ ಬೀದರಿನಿಂದ ಸುಮಾರು 140 ಕಿಲೋಮೀಟರ್. ಹಬ್ಬದ ಹಿಂದಿನ ದಿನ ರೇಟು ಬಿದ್ದರೆ ಗಾಡಿ ಬಾಡಿಗೆಯೂ ಹುಟ್ಟುವುದಿಲ್ಲ. ರಸ್ತೆ ಬದಿಗೆ ಸುರಿದ ಹೂವಿನ ರಾಶಿ ಫೋಟೊದಲ್ಲಿ ಬಹಳ ಚೆಂದ ಕಾಣುತ್ತದೆ. ಅದು ಯಾಕೆ ಅಲ್ಲಿದೆ ಅಂತ ಕೆಳಗೆ ಬರೆಯಿರಿ, ಅಷ್ಟು ಸಾಕು.

ಎಲ್ಲ ಫೋಟೊಗಳ ಹಿಂದೆ ತಾರೀಖು, ಊರಿನ ಹೆಸರು, ಗಿಡದ ಹೆಸರು ಇರಲಿ. ಜಪಾನಿನ ಕ್ಯೋಟೊದಲ್ಲಿ ಚೆರ್ರಿ ಹೂವು ಯಾವ ವರ್ಷ ಯಾವಾಗ ಅರಳಿತು ಎಂಬ ದಾಖಲೆ 9ನೇ ಶತಮಾನದಿಂದ ಸಿಗುತ್ತದೆ. ಅರಮನೆಯವರು, ಮಠದವರು ದಿನಚರಿಯಲ್ಲಿ ಗೀಚಿಟ್ಟ ಸಾಲುಗಳನ್ನು ಕೂಡಿಸಿ ಮಾಡಿದ್ದು. ಹವಾಮಾನ ಬದಲಾಗುತ್ತಿರುವುದನ್ನು ಅಳೆಯುವವರಿಗೆ ಇಂದು ಆ ಗೀಚು ಬಹಳ ಬೆಲೆಯದು. ನಮ್ಮ ದೇಶದಲ್ಲಿ ಸೀಸನ್‌ವಾಚ್ ಎಂಬ ಯೋಜನೆ ಇದೇ ಕೆಲಸವನ್ನು ಸಾಮಾನ್ಯ ಜನರಿಂದ, ಶಾಲೆ ಮಕ್ಕಳಿಂದ ಮಾಡಿಸುತ್ತದೆ: ಒಂದು ಗಿಡ ಆಯ್ದುಕೊಂಡು ವಾರಕ್ಕೊಮ್ಮೆ ಎಲೆ, ಹೂವು, ಕಾಯಿ ಬರೆದಿಡುವುದು. ಔರಾದಿನ ಬದುವಿನ ಮುತ್ತಲ ಇಂಥ ವರ್ಷ ಇಂಥ ವಾರ ಹೂವಾಯಿತೆಂದು ಬರೆದಿಟ್ಟವರು ನಮ್ಮಲ್ಲಿ ಯಾರಿದ್ದಾರೆ? ನೀವೇ ಆಗಬೇಕು.

ಇನ್ನು ಕೊನೆಯ ಬೇಡಿಕೆ. ಈ ಹೋಳಿಗೆ ತೆಗೆದ ಮುತ್ತಲದ ಫೋಟೊಗಳಲ್ಲಿ ಚೆನ್ನಾಗಿ ಬಂದ ಒಂದನ್ನು ಸ್ಟುಡಿಯೊಗೆ ಕೊಟ್ಟು ಪ್ರಿಂಟ್ ಹಾಕಿಸಿ. ದೊಡ್ಡದೇ ಹಾಕಿಸಿ, ಒಂದು ಚಹಾ, ಎರಡು ಪ್ಲೇಟ್ ಸುಸಲಾದ ದುಡ್ಡಿಗಿಂತ ಬಹಳ ಹೆಚ್ಚೇನೂ ಆಗುವುದಿಲ್ಲ. ಅದನ್ನು ಆ ಹೊಲದವರ ಮನೆಗೆ ಒಯ್ದು ಕೊಡಿ. ವಾಟ್ಸಾಪಿನಲ್ಲಿ ಕಳಿಸಿದರೆ ಆಗುವುದಿಲ್ಲ, ನೀವೇ ಹೋಗಬೇಕು. ಗಿಡ ಯಾರು ಬಿಟ್ಟದ್ದು, ಅಪ್ಪನೋ, ಅಜ್ಜನೋ, ಅತ್ತೆಯೋ, ಕೇಳಿ ಹೆಸರು ಹಿಂದೆ ಬರೆಯಿರಿ. ಹೊಳಪಿನ ಕಾಗದ ಒಳ್ಳೆಯದು, ಒಲೆಯ ಹೊಗೆ ಹಿಡಿದರೆ ಒರೆಸಬಹುದು. ಬಹುಶಃ ಅವರು ತಿರುಗಿಸಿ ಮುರುಗಿಸಿ ನೋಡಿ, "ಬರೀ ಗಿಡ ಯಾಕ ತೆಗದೀರಿ ತಮ್ಮಾ, ನಮ್ಮ ಎತ್ತು ತೆಗೀಬೇಕಿತ್ತು" ಅಂದಾರು. ಆಗ ವಾದ ಮಾಡಬೇಡಿ. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚಿದ ಮೇಲೆ ಬನ್ನಿ ಅಂದರೆ, ತಾರೀಖು ಬರೆದುಕೊಂಡು ಹೋಗಿ ತೆಗೆಯಿರಿ.

ಇತಿ,
ನಿಮ್ಮ ಊರಿನವನೇ ಆದ ಒಬ್ಬ ಹಳೆಯ ಫೋಟೊಗ್ರಾಫರ್